ರಾಶಿಯಲ್ಲಿ ಉಳಿದ ಮೆಣಸಿನಕಾಯಿ ಯಾರದು?

ಬೆಳಗಿನ ಐದೂಮುಕ್ಕಾಲು. ರಾಣೇಬೆನ್ನೂರು ರೈಲು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಪದ್ಮಜಾ ಬುತ್ತಿ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ತೊಡೆಯ ಮೇಲೆ ನೋಟುಬುಕ್ಕು ಬಿಚ್ಚಿದ್ದಾರೆ. ಹಾಳೆಯ ತುಂಬ ವೃತ್ತ, ಚೌಕ, ಬಾಣ. ಒಂದು ಬಾಣವನ್ನು ಹೊಡೆದುಹಾಕುತ್ತಾರೆ, ಮತ್ತೆ ಬರೆಯುತ್ತಾರೆ. ಚಹಾದವನು ಎರಡು ಸಲ ಕೂಗಿ ಹೋದದ್ದು ಕೇಳಿಸಿಲ್ಲ. ಹಾವೇರಿ ಕಡೆಯ ಗಾಡಿಗೆ ಇನ್ನೂ ನಲವತ್ತು ನಿಮಿಷವಿದೆ. ದಿನದಲ್ಲಿ ತಮ್ಮದೆಂದು ಅವರಿಗೆ ಸಿಗುವುದು ಇಷ್ಟೇ.

ಹಾವೇರಿಯ ಕಾಲೇಜೊಂದರಲ್ಲಿ ಅವರು ಒಂಬತ್ತು ವರ್ಷದಿಂದ ಗಣಕ ವಿಜ್ಞಾನದ ಅತಿಥಿ ಉಪನ್ಯಾಸಕಿ. ದಿನಕ್ಕೆ ನಾಲ್ಕು ಪಿರಿಯಡ್ಡು, ವರ್ಷಕ್ಕೊಮ್ಮೆ ಹೊಸದಾಗಿ ಅರ್ಜಿ. ಅತ್ತೆಯ ಜಡ್ಡಿನ ವರ್ಷಗಳಲ್ಲಿ ಪಿಎಚ್‌ಡಿ ಅರ್ಧಕ್ಕೆ ನಿಂತುಹೋಯಿತು. ನಿಲ್ಲದೆ ಉಳಿದದ್ದು ಒಂದು ಪ್ರಶ್ನೆ. ಹಲವರ ಕೆಲಸಗಳು ಒಟ್ಟೊಟ್ಟಿಗೇ ನಡೆಯುವ ಗಣಕ ವ್ಯವಸ್ಥೆಯಲ್ಲಿ ಒಂದು ಕಡೆ ತಪ್ಪಾದರೆ, ಉಳಿದವರ ಕೆಲಸ ಕೆಡದಂತೆ ಹೆಜ್ಜೆ ಹಿಂದಕ್ಕೆ ಇಡುವುದು ಹೇಗೆ?

ದೊಡ್ಡ ಊರಿನ ಹೆಸರಾಂತ ಪ್ರಾಧ್ಯಾಪಕರೊಬ್ಬರು ಇದಕ್ಕೆ ಪ್ರಮೇಯ ಬರೆದು ಇಪ್ಪತ್ತು ವರ್ಷವಾಗಿತ್ತು. ಎಲ್ಲರೂ ಒಪ್ಪಿದ್ದರು. ಪದ್ಮಜಾ ಅವರಿಗೆ ಮಾತ್ರ ಅದರ ಒಂದು ಸಾಲು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲಾಗದೆ ಹನ್ನೊಂದು ನೋಟುಬುಕ್ಕು ತುಂಬಿದವು.

ತೋರಿಸಿದವರು ಕುಲ್ಸುಮಬಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಲು ಅದೇ ಗಾಡಿಯಲ್ಲಿ ಹೋಗುವವರು. "ದಿನಾ ಏನ್ ಬರಿಯಾಕತ್ತೀರಿ ಅಕ್ಕಾರ?" ಎಂದು ಒಂದು ಬೆಳಿಗ್ಗೆ ಕೇಳಿದರು. ಪದ್ಮಜಾ ಕುಲ್ಸುಮಬಿಯವರ ಕೆಲಸವನ್ನೇ ಹಿಡಿದು ಹೇಳಿದರು: ಇಬ್ಬರು ತೊಟ್ಟು ಬಿಡಿಸಿ ಒಂದೇ ರಾಶಿಗೆ ಹಾಕುತ್ತಾರೆ. ಮೂರನೆಯವಳು ಆ ರಾಶಿಯಿಂದ ಚೀಲ ತುಂಬುತ್ತಾಳೆ. ಈಗ ಮೊದಲನೆಯವಳ ಕೆಲಸ ರದ್ದಾಗಬೇಕು. ರಾಶಿಯಿಂದ ಅಷ್ಟು ಕಾಯಿ ವಾಪಸು ತೆಗೆದರೆ ಆಯಿತು ಎನ್ನುತ್ತದೆ ಪ್ರಮೇಯ.

ಕುಲ್ಸುಮಬಿ ನಕ್ಕುಬಿಟ್ಟರು. "ಆಕಿ ಕಾಯಿ ಆಗ್ಲೇ ಚೀಲದಾಗ ಹೋಗಿದ್ರ? ರಾಶ್ಯಾಗ ಉಳಿದಿದ್ದು ನಂದಿರತೈತಿ. ನನ್ನ ಕೆಲಸಾನ ನನ್ನ ಕೇಳ್ದನ ಅಳಿಸಿಬಿಡ್ತೀರೇನ್ರಿ?"

ಅಂದು ಪದ್ಮಜಾ ಹಾವೇರಿಯಲ್ಲಿ ಇಳಿಯುವುದನ್ನೇ ಮರೆತು ಮುಂದಿನ ನಿಲ್ದಾಣ ಕರಜಗಿಗೆ ಹೋಗಿ ಇಳಿದರು. ಮೊದಲ ಪಿರಿಯಡ್ಡು ತಪ್ಪಿತು, ಪ್ರಾಂಶುಪಾಲರಿಂದ ಬೈಸಿಕೊಂಡದ್ದೂ ಆಯಿತು. "ಕಾಯಿ ಒಂದೇ ಥರಾ ಕಾಣಸ್ತಾವಂತ, ಬಿಡಿಸಿದ ಕೈ ಮರೀಲಿಕ್ಕೆ ಬರೂದಿಲ್ಲ. ಯಾವುದು ಯಾರ ಕೈಯಿಂದ ಬಂತು ಅನ್ನೋ ನೆನಪು ಬೇಕು. ಆ ಪ್ರಮೇಯದೊಳಗ ಆ ನೆನಪ ಇದ್ದಿದ್ದಿಲ್ಲ," ಎನ್ನುತ್ತಾರೆ ಪದ್ಮಜಾ.

ತಪ್ಪನ್ನೂ ತಿದ್ದುಪಡಿಯನ್ನೂ ಬರೆದು ಮೊದಲು ಕಳಿಸಿದ್ದು ಆ ಪ್ರಾಧ್ಯಾಪಕರಿಗೇ. ಐದು ತಿಂಗಳ ಮೇಲೆ ಅವರಿಂದ ಫೋನು ಬಂತು. ತಪ್ಪಾದದ್ದು ನಿಜ, ಆದರೆ ಇಬ್ಬರ ಹೆಸರಿನಲ್ಲಿ ಪ್ರಕಟಿಸೋಣ, ನನ್ನ ಹೆಸರು ಮೊದಲಿರಲಿ, ಇಲ್ಲದಿದ್ದರೆ ಹಾವೇರಿಯಿಂದ ಬಂದದ್ದನ್ನು ಯಾರು ಓದುತ್ತಾರೆ ಎಂದರು.

"ಓದಲಿಕ್ಕೆ ಬರೋರು ಓದ್ತಾರ್ರಿ ಸರ್," ಎಂದು ಪದ್ಮಜಾ ಫೋನು ಇಟ್ಟರು.

ಮೂರು ಸಂಶೋಧನಾ ಪತ್ರಿಕೆಗಳು ಪ್ರಬಂಧವನ್ನು ಹಿಂದಿರುಗಿಸಿದವು. ಒಂದಂತೂ ಮರುದಿನವೇ. "ಸಿಲೆಬಸ್ ಮುಗಿಸ್ರಿ ಮೇಡಂ, ಇವೆಲ್ಲಾ ನಿಮಗ್ಯಾಕ?" ಎಂದರು ಪ್ರಾಂಶುಪಾಲರು. ಸಿಲೆಬಸ್ಸು ಆಗಲೇ ಮುಗಿದಿತ್ತು. ಪದ್ಮಜಾ ನಾಲ್ಕನೆಯ ಪತ್ರಿಕೆಗೆ ಕಳಿಸಿದರು.

ಈ ವರ್ಷ ಅದು ಒಪ್ಪಿಗೆಯಾಯಿತು. ಕೊನೆಗೆ ಸಂಪಾದಕರದೊಂದು ತಕರಾರು: ಕೃತಜ್ಞತೆಯ ಸಾಲಿನಲ್ಲಿರುವ ಕುಲ್ಸುಮಬಿ ಯಾವ ಸಂಸ್ಥೆಯವರು? ಸಂಸ್ಥೆ ಇಲ್ಲದಿದ್ದರೆ ಹೆಸರು ಕೈಬಿಡಬಹುದಲ್ಲ? "ಆ ಹೆಸರು ತೆಗೆಯೂದಿದ್ರ ಪ್ರಬಂಧನೂ ತೆಗೀರಿ ಅಂತ ಬರದೆ," ಎಂದು ಪದ್ಮಜಾ ಕನ್ನಡಕ ಒರೆಸಿಕೊಳ್ಳುತ್ತಾರೆ. ಅಚ್ಚಾದದ್ದು ಹೀಗೆ: ಕುಲ್ಸುಮಬಿ, ಮೆಣಸಿನಕಾಯಿ ತೊಟ್ಟು ಬಿಡಿಸುವವರು, ಬ್ಯಾಡಗಿ. ಆ ಹಾಳೆಯನ್ನು ಕುಲ್ಸುಮಬಿ ಕೆಲಸದ ಜಾಗಕ್ಕೆ ಒಯ್ದು ಎಲ್ಲರಿಗೂ ತೋರಿಸಿ ಬಂದರು. "ನಮ್ಮ ಸೂಪರ್‌ವೈಜರ್ ಎರಡ ಸಲಾ ಓದ್ದ. ಖರೇ ಏನ್ ಅಂತ ಕೇಳ್ದ. ಖರೇನ ಅಂದೆ," ಎನ್ನುತ್ತಾರೆ.

ಕಾಲೇಜಿನಲ್ಲಿ ಈಗ ಸನ್ಮಾನದ ಮಾತು ನಡೆದಿದೆ. ಪದ್ಮಜಾ ಶಾಲು, ಹಾರ ಬೇಡವೆಂದಿದ್ದಾರೆ. ಮತ್ತೇನು ಬೇಕು ಎಂದರೆ ನೋಟುಬುಕ್ಕು ಮುಚ್ಚಿ ಹೇಳುತ್ತಾರೆ:

"ನಾ ಬರದದ್ರಾಗೂ ಎಲ್ಲೋ ತಪ್ಪಿರಬಹುದು. ನಮ್ಮ ಕ್ಲಾಸಿನ ಹುಡುಗ್ಯಾರೊಳಗ ಒಬ್ಬಾಕಿ ಅದನ್ನ ಹಿಡೀಬೇಕು. ಹಿಡದು ತನ್ನ ಹೆಸರಿಲೇ ಛಾಪಿಸ್ಬೇಕು. ನಾನ ಬಂದು ಕೇಳಿದ್ರೂ ನನ್ನ ಹೆಸರು ಹಾಕಬಾರದು."