ನಲವತ್ತು ಸೆಕೆಂಡಿನ ಹಾಡು

ಡಬ್ಬಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಮೂವತ್ತು ವರ್ಷ ಸ್ಪೀಕರ್ ಡಬ್ಬಗಳನ್ನು ಬಿಚ್ಚಿ ಕಟ್ಟಿದ ಮೇಲೆ ಅದು ಅವನಿಗೇ ಮರೆತಂತಾಗಿದೆ. ಸಿಟ್ಟು ಬಂದರೆ ಹೆಂಡತಿಯೂ ಡಬ್ಬಣ್ಣ ಎಂದೇ ಕರೆಯುತ್ತಾಳೆ. ಅಂಗಡಿ ಎಷ್ಟು ಇಕ್ಕಟ್ಟೆಂದರೆ ಗಿರಾಕಿ ಒಳಗೆ ಬಂದರೆ ಇವನು ಹೊಟ್ಟೆ ಎಳೆದುಕೊಂಡು ನಿಲ್ಲಬೇಕು.

ರಿಪೇರಿಯಾದ ಪ್ರತಿ ಸ್ಪೀಕರಿಗೂ ಒಂದೇ ಪರೀಕ್ಷೆ: ಹಳೆಯ ರಾಕ್ ರೆಕಾರ್ಡೊಂದರ ನಾಲ್ಕನೇ ಹಾಡು. ಮೊದಲು ಡ್ರಮ್ಮು, ಅದರ ಬೆನ್ನಿಗೆ ಬೇಸ್ ಗಿಟಾರು, ಆಮೇಲೆ ಗಾಯಕ ಮನೆಗೆ ಬೆಂಕಿ ಬಿದ್ದವನಂತೆ ಕಿರುಚುತ್ತಾನೆ. ಅದನ್ನು ತಡೆದುಕೊಂಡ ಸ್ಪೀಕರು ಯಾವುದನ್ನಾದರೂ ತಡೆದುಕೊಳ್ಳುತ್ತದೆ. ನಲವತ್ತನೇ ಸೆಕೆಂಡಿಗೆ ಸರಿಯಾಗಿ ರೆಕಾರ್ಡಿನ ಮೇಲಿಂದ ಪ್ಲೇಯರಿನ ಮುಳ್ಳು ಎತ್ತಿ ಡಬ್ಬಣ್ಣ ಮುಂದಿನ ಡಬ್ಬಕ್ಕೆ ಕೈ ಹಾಕುತ್ತಾನೆ. ಆ ಹಾಡಿನ ಜೀವವಿರುವುದು ಮಾತ್ರ ಅದಾದ ಮೇಲೆ ಬರುವ ಗಿಟಾರಿನಲ್ಲಿ. ಹತ್ತೊಂಬತ್ತನೇ ವಯಸ್ಸಿನಲ್ಲಿ ಸೋದರಮಾವನ ಮನೆಯಲ್ಲಿ ಅದನ್ನು ಕೇಳಿ, ಹುಚ್ಚು ಹಿಡಿದೇ ಇವನು ಈ ಕಸುಬಿಗೆ ಬಿದ್ದದ್ದು. ಆಮೇಲೆ ಒಮ್ಮೆಯೂ ಪೂರ್ತಿ ಕೇಳಿಲ್ಲವೆಂದರೆ ಯಾರು ನಂಬುತ್ತಾರೆ?

ಮನೆಯಲ್ಲಿ ತಾನೇ ಕಟ್ಟಿದ ಎದೆಯೆತ್ತರದ ಎರಡು ಸ್ಪೀಕರುಗಳಿದ್ದವು. ಆದರೆ ನಡುಗೋಡೆಯ ಆಚೆ ಸ್ವಂತ ಅಣ್ಣ. ಅವನದು ರಾತ್ರಿ ಪಾಳಿಯ ಕಾವಲು, ಹಗಲೆಲ್ಲ ನಿದ್ದೆ. ವಾಲ್ಯೂಮ್ ಎರಡು ದಾಟಿದರೆ ಗೋಡೆಗೆ ಗುದ್ದುತ್ತಿದ್ದ. ಅವನು ಎದ್ದು ಕೆಲಸಕ್ಕೆ ಹೋಗುವ ಹೊತ್ತಿಗೆ ಉಳಿದ ನೆರೆಹೊರೆ ಮಲಗುತ್ತಿತ್ತು. ಕಟ್ಟಿದಾಗಿನಿಂದ ಆರು ವರ್ಷ ಆ ಸ್ಪೀಕರುಗಳ ಮೇಲೆ ಒದ್ದೆ ಟವೆಲ್ಲುಗಳು ಒಣಗುತ್ತಿದ್ದವು.

"ಊರಿಗೆಲ್ಲ ಹಾಡು, ನಮ್ಮನೆಗೆ ಗುದ್ದು" ಎಂದು ಹೆಂಡತಿ ನಗುತ್ತಿದ್ದಳು. ಡಬ್ಬಣ್ಣನಿಗೆ ನಗು ಬರುತ್ತಿರಲಿಲ್ಲ. ಅಲ್ಲಿ ಪುರುಸೊತ್ತಿಲ್ಲದ ಇಕ್ಕಟ್ಟಿನ ಅಂಗಡಿ, ಇಲ್ಲಿ ಬಾಯಿ ಕಟ್ಟಿದ ಮನೆ. ಆ ಗಿಟಾರು ಕೇಳದೆಯೇ ಒಂದು ದಿನ ಸತ್ತುಹೋಗುತ್ತೇನೆ ಎಂದು ಅವನಿಗೆ ನಿಜಕ್ಕೂ ಹೆದರಿಕೆಯಾಗುತ್ತಿತ್ತು.

ಹೀಗಿರುವಾಗ ಅಣ್ಣನಿಗೆ ಕಣ್ಣಿನ ಪೊರೆ ತೆಗೆಸಲು ಆಸ್ಪತ್ರೆಯವರು ದಿನ ಕೊಟ್ಟರು. ಅತ್ತಿಗೆಯೂ ಜೊತೆಗೆ ಹೊರಟಳು. ಆ ದಿನ ಸಂಜೆ ಐದು ಗಂಟೆಯವರೆಗೆ ಗೋಡೆಯಾಚೆ ಯಾರೂ ಇಲ್ಲ. ಡಬ್ಬಣ್ಣ ಅಂಗಡಿಗೆ ಬೀಗ ಜಡಿದು, ರೆಕಾರ್ಡು ಪ್ಲೇಯರು ಎರಡನ್ನೂ ಹೊತ್ತು ಮನೆಗೆ ಬಂದ.

"ಭಾವಂಗೆ ಕಣ್ಣು, ನಿಮಗೆ ಕಿವಿ" ಎಂದು ಹೆಂಡತಿ ಟವೆಲ್ಲು ತೆಗೆದುಕೊಂಡು ಒಳಗೆ ಹೋದಳು.

ವಾಲ್ಯೂಮ್ ಏಳು. ಡ್ರಮ್ಮಿಗೆ ನೆಲ ನಡುಗಿತು. ಬೇಸು ಬಂತು, ಕಿರುಚಾಟ ಬಂತು. ಅಷ್ಟರಲ್ಲಿ ಬಲಗೈ ತಾನಾಗಿ ಹೋಗಿ ಮುಳ್ಳು ಎತ್ತಿಬಿಟ್ಟಿತು. ಡಬ್ಬಣ್ಣ ಕೈಯನ್ನೇ ದುರುಗುಟ್ಟಿ ನೋಡಿದ. ಮತ್ತೆ ಹಾಕಿ, ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡ. ಈ ಸಲ ಎಲ್ಲೋ ಝರ್ ಎಂದಿತು. ಇನ್ನು ಕೇಳಬೇಕೆ? ಸ್ಕ್ರೂಡ್ರೈವರ್ ಬಂತು, ಬಲಗಡೆಯ ಡಬ್ಬ ಬಿಚ್ಚಿದ, ಏನೂ ಇಲ್ಲ. ಎಡಗಡೆಯದನ್ನೂ ಬಿಚ್ಚಿದ. ಗಂಟೆ ನಾಲ್ಕೂವರೆ.

"ಏನ್ರೀ ಇದು? ಹಾಡು ಕೇಳ್ತೀನಿ ಅಂದವ್ರು ಆಪರೇಷನ್ ಮಾಡ್ತಾ ಕೂತಿದೀರಲ್ಲ!"

"ಝರ್ ಅಂತಿದೆ ಕಣೇ."

ಅವಳು ಬೀರುವಿನ ಬಾಗಿಲಿನಲ್ಲಿ ನೇತಾಡುತ್ತಿದ್ದ ಬೀಗದಕೈ ಗೊಂಚಲನ್ನು ಕಿತ್ತು ಸೆರಗಿಗೆ ಸಿಕ್ಕಿಸಿಕೊಂಡಳು. "ಇದೇ ಅದು. ಮಿಕ್ಸಿ ಹಾಕಿದ್ರೂ ಕುಣಿಯತ್ತೆ."

ಡಬ್ಬಗಳನ್ನು ಅವಸರದಲ್ಲಿ ಮುಚ್ಚಿದ್ದಾಯಿತು. ಅವಳು ಪಕ್ಕದಲ್ಲಿ ಕುಳಿತು ಅವನ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಬಿಗಿಯಾಗಿ ಹಿಡಿದಳು. "ಎಡಗೈಲಿ ಹಾಕಿ. ನಾನು ಬಿಡಲ್ಲ."

ನಲವತ್ತನೇ ಸೆಕೆಂಡಿಗೆ ಕೈ ಜಗ್ಗಿತು. ಅವಳು ಬಿಡಲಿಲ್ಲ. ಆಗ ಗಿಟಾರು ಬಂತು.

"ಅಯ್ಯೋ, ಇದು ಇಷ್ಟು ಚೆನ್ನಾಗಿದ್ಯಾ?" ಅವಳ ಕಣ್ಣು ತುಂಬಿತ್ತು. "ಮೂವತ್ತು ವರ್ಷದಿಂದ ಇದನ್ನ ಬಚ್ಚಿಟ್ಕೊಂಡಿದ್ರಾ?"

ಹತ್ತೊಂಬತ್ತರಲ್ಲಿ ತನಗಾದದ್ದನ್ನು ಹೇಳಬೇಕೆಂದು ಡಬ್ಬಣ್ಣ ಬಾಯಿ ತೆರೆದ.

"ಎಡಗಡೇದು ಒಂಚೂರು ಕಮ್ಮಿ ಬರ್ತಿದೆ" ಎಂದ.

ಹೆಂಡತಿ ಹಿಡಿದಿದ್ದ ಕೈಯನ್ನು ಬಿಟ್ಟಳು. ಅದು ನೆಟ್ಟಗೆ ಮುಳ್ಳಿನ ಕಡೆಗೆ ಹೋಯಿತು.