‘ಹ’ಕಾರವಿಲ್ಲದ ಹಾವು

ಹರದನಹಳ್ಳಿಯಲ್ಲಿ ಬಸ್ಸಿಳಿದು ಚಿಕ್ಕಮ್ಮನ ಮನೆಗೆ ಹೋದರೆ, ಅವಳು ಜಗಲಿಯ ಮೇಲೆ ನಿಂತು ಫೋನಿನಲ್ಲಿ ಯಾರೊಂದಿಗೋ ಜಗಳವಾಡುತ್ತಿದ್ದಳು. ಹಾಗಂದುಕೊಂಡು ನಾನು ನಕ್ಕೆ ಕೂಡ. ನಕ್ಕಿದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

“ಆವು ಕಣಪ್ಪೋ! ನಮ್ಮೆಜಮಾನ್ರಿಗೆ ಆವು ಕಡ್ದ್‌ಬುಟ್ಟದೆ!”

“ಕ್ಷಮಿಸಿ, ಅರ್ಥವಾಗಲಿಲ್ಲ. ದಯವಿಟ್ಟು ಮತ್ತೊಮ್ಮೆ ಹೇಳಿ,” ಎಂದಿತು ಫೋನಿನೊಳಗಿನ ಯಂತ್ರ, ಬೆಣ್ಣೆಯಂಥ ದನಿಯಲ್ಲಿ.

ಒಳಗೆ ಚಿಕ್ಕಪ್ಪ ಕಾಲು ಹಿಡಿದುಕೊಂಡು ಕೂತಿದ್ದರು. ಅರಿಶಿನದ ಹೊಲದಿಂದ ಹೇಗೋ ಮನೆ ಸೇರಿದ್ದರು, ಪಾದ ಊದಿಕೊಂಡಿತ್ತು. ಫೋನ್ ಕಿತ್ತುಕೊಂಡು “ಹಾವು ಕಚ್ಚಿದೆ” ಎಂದೆ. ಒಂದೇ ಸಲಕ್ಕೆ ಅದಕ್ಕೆ ತಿಳಿಯಿತು. ಆಂಬುಲೆನ್ಸ್ ಹೊರಟಿದೆ ಎಂದಿತು.

“ಎಷ್ಟ್ ಸಲ ಏಳ್ದೆ ಕಣಮ್ಮಿ,” ಎಂದು ಚಿಕ್ಕಮ್ಮ ಅಲ್ಲೇ ಕುಸಿದಳು. ಬೇರೆ ನಂಬರೇ ಬೇಡ, ಈ ಆ್ಯಪ್ ಒತ್ತಿ ಬಾಯಲ್ಲಿ ಹೇಳಿದರೆ ಸಾಕು ಎಂದು ಅವಳಿಗೆ ಹಾಕಿಕೊಟ್ಟವಳೇ ನಾನು.

ಚಾಮರಾಜನಗರದ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಇನ್ನೊಂದು ಹೊಳೆಯಿತು. ಆ ಯಂತ್ರಕ್ಕೆ ಕನ್ನಡ ಕಲಿಸಿದವರಲ್ಲಿ ನಾನೂ ಒಬ್ಬಳು. ಗುಂಡ್ಲುಪೇಟೆಯ ಕೋಣೆಯೊಂದರಲ್ಲಿ ಮೂರು ತಿಂಗಳು, ಹಳ್ಳಿಯವರ ದನಿಗಳನ್ನು ಕೇಳಿ ಬರೆದುಕೊಟ್ಟಿದ್ದೆ. ಸ್ಪಷ್ಟವಿಲ್ಲದ್ದನ್ನು ತೆಗೆದುಹಾಕಿ ಎಂದಿದ್ದರು ಆ ಯಂತ್ರ ಕಟ್ಟುತ್ತಿದ್ದ ಸಂಶೋಧಕರು. ಓಗು, ಆಲು, ಆವು. ನನಗೆ ಅರ್ಥವಾಗದೆ ಏನು, ನನ್ನಮ್ಮ ಆಡುವ ಮಾತೇ ಅದು! ಆದರೂ ಒಂದೊಂದನ್ನೂ ತೆಗೆದೆ. ಓದಿದವಳಲ್ಲವೇ, ನಮ್ಮ ನಾಲಿಗೆ ಹೊರಗಿನವರಿಗೆ ಕೇಳಿಸಬಾರದೆಂಬ ಬಿಂಕ.

ಅಲ್ಲಿಂದಲೇ ಸಂಶೋಧಕರಿಗೆ ಫೋನ್ ಮಾಡಿದೆ. ಹಾವೂ ಸಾಯದಂತೆ ಕೋಲೂ ಮುರಿಯದಂತೆ ಮಾತಾಡಿದರು.

“ಅದಿನ್ನೂ ಪ್ರಯೋಗದ ಹಂತ ಮೇಡಂ. ಆ್ಯಪಿನಲ್ಲೇ ಬರೆದಿದ್ದೇವಲ್ಲ.”

“ಓದಲು ಬಾರದವರಿಗೆಂದೇ ಮಾಡಿದ್ದಲ್ಲವಾ ಸಾರ್ ಅದು? ಪ್ರಯೋಗ ಯಾರ ಮೇಲೆ?”

“ನೀವು ಕೊಟ್ಟ ದನಿಗಳಲ್ಲಿ ಅಂಥ ಮಾತು ಒಂದೂ ಇರಲಿಲ್ಲ.”

ಫೋನ್ ಇಟ್ಟೆ. ಆಮೇಲೆ ಸಿಟ್ಟು ಬಂತು. ಒಂದು ದಿನವಾದರೂ ಊರಿಗೆ ಬಂದು ಕೂತು ಕೇಳಿದ್ದರೆ ಅವರಿಗೇ ಗೊತ್ತಾಗುತ್ತಿತ್ತು. ಅವರು ಬರಲಿಲ್ಲ, ನಾನು ಹೇಳಲಿಲ್ಲ.

ಚಿಕ್ಕಪ್ಪನ ಜೀವ ಉಳಿಯಿತು. ಎರಡು ಕಾಲ್ಬೆರಳು ಉಳಿಯಲಿಲ್ಲ. ತಡವಾಗಿ ಬಂದಿರಿ ಎಂದರು ಡಾಕ್ಟರು.

ಮನೆಗೆ ಬಂದ ಮೇಲೆ ನಡೆದದ್ದನ್ನೆಲ್ಲ ಚಿಕ್ಕಮ್ಮನಿಗೆ ಹೇಳಿಬಿಡಬೇಕೆಂದು ಹೋದೆ. ಅವಳೇ ನನ್ನ ಕೈಹಿಡಿದು ಮೂಲೆಗೆ ಕರೆದಳು.

“ತಪ್ಪು ನಂದೇ ಕಣಮ್ಮಿ. ನಂಗೆ ನೆಟ್ಗೆ ಮಾತಾಡಕ್ ಬರಲ್ಲ. ನೀನು ಓದಿದ್ದೀಯ, ವಸಿ ಕಲ್ಸು,” ಎಂದು ಉಸಿರು ಬಿಗಿಹಿಡಿದು ತುಟಿ ತೆರೆದಳು. “ಹ್... ಹ್... ಆವು. ಸರಿಯಾಯ್ತಾ?”