ಹರಳೆಣ್ಣೆಯ ದಾರ

ಮಂಡ್ಯದ ಕಾಲೇಜೊಂದರ ಪ್ರಯೋಗಾಲಯದಲ್ಲಿ ಪಾಲಿಮರ್ ಕೆಲಸಕ್ಕೆ ನಾವಿಬ್ಬರೇ ಇದ್ದೆವು. ನಾನು ಗುತ್ತಲಿನವಳು, ನನ್ನ ಅಬ್ಬಾ ಪಂಪುಸೆಟ್ ಮೆಕ್ಯಾನಿಕ್. ನನ್ನ ಜೊತೆಯವಳು ಬೆಳಕವಾಡಿಯ ರೈತರ ಮನೆಯವಳು. ಪಿಎಚ್.ಡಿ. ಸೇರಿದ ಮೊದಲ ವಾರವೇ ನನ್ನ ಊಟದ ಡಬ್ಬಿ ಖಾಲಿ ಮಾಡಿ, "ನಾಳೆಯಿಂದ ಎಲ್ಡು ಡಬ್ಬಿ ತಗಬಾ ಕಣೇ" ಅಂದಿದ್ದಳು. ಮರುದಿನದಿಂದ ಎರಡು ಡಬ್ಬಿ ತಂದೆ.

ಹರಳೆಣ್ಣೆಯಿಂದ ಬರುವ ಆಮ್ಲವೊಂದನ್ನು ಬಳಸಿ, ಎರಡೂ ತುದಿಗಳಲ್ಲಿ ದ್ವಿಬಂಧವಿರುವ ಡೈಯೀನ್ ಅಣುವನ್ನು ಮಾಡಿಕೊಂಡಿದ್ದೆವು. ಅದಕ್ಕೆ ರುಥೇನಿಯಂನ ನೇರಳೆ ಪುಡಿ ಚಿಟಿಕೆಯಷ್ಟು ಹಾಕಿದರೆ, ಅಣುಗಳು ತುದಿ ಬಿಚ್ಚಿಕೊಂಡು ಒಂದಕ್ಕೊಂದು ಕೂಡಿ ಸರಪಳಿಯಾಗುತ್ತವೆ. ಕೂಡುವಾಗೆಲ್ಲ ಎಥಿಲೀನ್ ಅನಿಲ ಹೊರಬೀಳುತ್ತದೆ. ಅದನ್ನು ಪಂಪಿನಿಂದ ಎಳೆದುಹಾಕುತ್ತಲೇ ಇರಬೇಕು. ಇಲ್ಲದಿದ್ದರೆ ಅದೇ ವಾಪಸ್ಸು ಸೇರಿ ಸರಪಳಿಯನ್ನು ತುಂಡರಿಸುತ್ತದೆ.

ನಮ್ಮ ಪಂಪು ಹಳೆಯದು. ಎರಡು ವರ್ಷ ನಮಗೆ ಸಿಕ್ಕಿದ್ದು ಬರೀ ಜಿಡ್ಡು. ಸರಪಳಿ ಉದ್ದವಾಗಿ ಬೆಳೆದಿದ್ದರೆ ಅದು ದಾರದ ಹಾಗೆ ಎಳೆಯಾಗಿ ಬರಬೇಕಿತ್ತು. ಅವಳು ಗಾಜಿನ ಕಡ್ಡಿ ಅದ್ದಿ ಮೇಲಕ್ಕೆತ್ತುವಳು, ಜಿಡ್ಡು ತೊಟ್ಟಾಗಿ ಬೀಳುವುದು. "ಇವತ್ತೂ ದಾರ ಬರ್ನಿಲ್ಲ, ಬುಡು. ನಾಳೆ ನೋಡವ."

ಒಂದು ದಿನ ಮಧ್ಯಾಹ್ನ ಅವಳ ಅಮ್ಮನಿಗೆ ಲಕ್ವ ಹೊಡೆಯಿತೆಂದು ಫೋನು ಬಂತು. "ಅದ್ನೈದು ದಿನ ಕಣೇ, ಬಂದ್ಬುಡ್ತೀನಿ" ಅಂದವಳು ಬರಲೇ ಇಲ್ಲ.

ಐದಾರು ತಿಂಗಳ ಮೇಲೆ, ಸೋತು, ಅಬ್ಬಾನನ್ನು ಲ್ಯಾಬಿಗೆ ಕರೆತಂದೆ. ಪಂಪಿನ ಎಣ್ಣೆ ಮಜ್ಜಿಗೆಯ ಹಾಗೆ ಬೆಳ್ಳಗಾಗಿತ್ತು. "ಎಣ್ಣೇಲಿ ನೀರು ಸೇರಿದೆ ಮಗಳೇ, ಇದು ಹೇಗೆ ಎಳೆಯುತ್ತೆ?" ಎಂದು ನಗುತ್ತಾ ಅಬ್ಬಾ ಇಡೀ ಪಂಪು ಬಿಚ್ಚಿ ತೊಳೆದು, ಎಣ್ಣೆ ಬದಲಿಸಿ, ಬಿರುಕು ಬಿಟ್ಟಿದ್ದ ರಬ್ಬರ್ ಪೈಪನ್ನೂ ಕಿತ್ತು ಹೊಸದು ಹಾಕಿದರು.

ಮರುದಿನ ಫ್ಲಾಸ್ಕಿನಲ್ಲಿ ಗುಳ್ಳೆಗಳು ಎದ್ದವು. ಮಧ್ಯಾಹ್ನದ ಹೊತ್ತಿಗೆ ದ್ರವ ಗಟ್ಟಿಯಾಗಿ, ಒಳಗೆ ತಿರುಗುತ್ತಿದ್ದ ಆಯಸ್ಕಾಂತದ ಕಡ್ಡಿ ತೆವಳಿ ತೆವಳಿ ನಿಂತೇಹೋಯಿತು. ಗಾಜಿನ ಕಡ್ಡಿ ಎತ್ತಿದೆ. ದಾರ ಬಂತು, ನನ್ನ ಭುಜದೆತ್ತರಕ್ಕೆ, ತುಂಡಾಗದೆ. "ಬಂತು ಕಣೇ!" ಎಂದು ಕೂಗಿ ತಿರುಗಿದೆ. ಅಲ್ಲಿ ಯಾರೂ ಇರಲಿಲ್ಲ.

ಭಾನುವಾರ ಮಳವಳ್ಳಿಯಲ್ಲಿ ಬಸ್ಸು ಬದಲಿಸಿ ಬೆಳಕವಾಡಿಗೆ ಹೋದೆ. ಅವಳು ಅಮ್ಮನಿಗೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ಕೈ ಒರೆಸಿಕೊಂಡು ಬಂದವಳಿಗೆ ಆ ಪಾಲಿಮರ್‌ನಿಂದ ಮಾಡಿದ ತೆಳು ಹಾಳೆಯ ತುಂಡು ಕೊಟ್ಟೆ. ಎಳೆದಳು, ಬೆಳಕಿಗೆ ಹಿಡಿದಳು, ಮೂಸಿದಳು.

"ಎಷ್ಟು ಡಿಗ್ರಿ ಇಟ್ಟಿದ್ದೆ? ಗುಳ್ಳೆ ಎಷ್ಟೊತ್ತು ಬಂತು? ಬಣ್ಣ ಯಾವಾಗ ತಿರುಗ್ತು?"

ಒಂದೊಂದನ್ನೂ ಹೇಳಿದೆ. ಅವಳ ಕಣ್ಣು ಆ ಹಾಳೆ ಬಿಟ್ಟು ಕದಲಲಿಲ್ಲ.

"ವಾಪಸ್ಸು ಬಾರೇ. ಗೈಡ್ ಮೇಷ್ಟ್ರ ಹತ್ರ ನಾನು ಮಾತಾಡ್ತೀನಿ."

"ಅವ್ವ ನನ್ ಕೈಲಿ ಬುಟ್ರೆ ಇನ್ಯಾರ ಕೈಲೂ ಉಣ್ಣಕಿಲ್ಲ ಕಣೇ" ಅಂದಳು. ಹಾಳೆಯನ್ನು ಮತ್ತೊಮ್ಮೆ ಎಳೆದು ನೋಡಿ, "ನಾನೂ ಒಂದ್ಸಲ ಎಳೀಬೇಕಿತ್ತು ಆ ದಾರವ" ಅಂದಳು.

ಪ್ರಬಂಧ ಅಚ್ಚಾದಾಗ ನಮ್ಮ ಹೆಸರುಗಳಲ್ಲಿ ಅವಳದನ್ನೇ ಮೊದಲು ಹಾಕಿಸಿದೆ. ಅದಕ್ಕೆ ಫೋನು ಮಾಡಿ ಬೈದಳು. ಈಗ ನಾನು ಮದ್ದೂರಿನಲ್ಲಿ ಪಾಠ ಮಾಡುತ್ತೇನೆ. ಅವಳು ಊರಿನ ಹೈಸ್ಕೂಲು ಮಕ್ಕಳಿಗೆ ಮನೆಯಲ್ಲೇ ವಿಜ್ಞಾನ ಹೇಳಿಕೊಡುತ್ತಾಳೆ. ತಿಂಗಳಿಗೊಮ್ಮೆ ಮಾತಾಡುತ್ತೇವೆ. ಲ್ಯಾಬಿಗೆ ವಾಪಸ್ಸು ಯಾವಾಗ ಹೋಗ್ತೀಯೆ ಎಂದು ನಾನು ಕೇಳುವುದಿಲ್ಲ. ಕೇಳಬೇಕೆಂದು ಪ್ರತಿ ಸಲವೂ ಅನ್ನಿಸುತ್ತದೆ.